ಎಂಎಚ್ ಪಾಸಿಂಗ್ ಗಾಡಿ ಕೆಎ 63 ಆಗುವ ತನಕ

ನಮ್ಮ ಸೆಕೆಂಡ್ ಹ್ಯಾಂಡ್ ಕಾರಿಗೆ ಕೊನೆಗೂ ಕೆಎ 63, ಅಂದರೆ ಹುಬ್ಬಳ್ಳಿಯ ನಂಬರ್ ಬಂತು. ದಸರಾಕ್ಕೆ ಮುಂಚೆ ಮಹಾರಾಷ್ಟ್ರದಿಂದ ಹುಬ್ಬಳ್ಳಿಗೆ ಬಂದ ಗಾಡಿ ಕಾಗದದ ಮೇಲೆ ನಮ್ಮದಾಗಿದ್ದು ಸಂಕ್ರಾಂತಿ ಕಳೆದ ಮೇಲೆ. ನಮ್ಮ ಸ್ಟಾಫ್ ರೂಮಿನಲ್ಲೇ ಈಗ ಕೆಲವರು ಪುಣೆ, ಕೊಲ್ಹಾಪುರ, ಗೋವಾ ಕಡೆಯ ಸೆಕೆಂಡ್ ಹ್ಯಾಂಡ್ ಗಾಡಿ ನೋಡುತ್ತಿದ್ದಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ನಾನು ಶಿಕ್ಷಕಿ. ಮನೆ ಹುಬ್ಬಳ್ಳಿ ವಿದ್ಯಾನಗರದ ಕಡೆ, ಶಾಲೆ ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ. ಬಸ್ಸು ಕ್ರಾಸ್‌ನಲ್ಲಿ ಇಳಿಸುತ್ತದೆ. ಅಲ್ಲಿಂದ ಒಳಗೆ ಎರೆ ನೆಲದ ರಸ್ತೆ. ಬೇಸಿಗೆಯಲ್ಲಿ ಸ್ಕೂಟಿ ಸಾಕು. ಮಳೆ ಬಿದ್ದರೆ ಕಥೆಯೇ ಬೇರೆ. ಎರೆ ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡ್ ಒಳಗೆಲ್ಲ ತುಂಬಿಕೊಂಡು, ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಇಳಿದು ಕಡ್ಡಿಯಿಂದ ಕೆರೆದು ತೆಗೆಯಬೇಕು. ನಾಲ್ಕು ಮಾರು ಹೋದರೆ ಮತ್ತೆ ಅದೇ. ಬೆಣ್ಣಿಹಳ್ಳ ಬಂದ ದಿನವಂತೂ ಆಸೆಯೇ ಬೇಡ. ಹೋದ ವರ್ಷದ ಮಳೆಗಾಲದಲ್ಲಿ ನನ್ನ ಸೀರೆಯ ಅವತಾರ ನೋಡಿ ಮನೆಯವರೇ "ಸಾಕು, ಒಂದು ಕಾರು ನೋಡೋಣ" ಅಂದರು.

ಸಣ್ಣ ಕಾರು ಆಗದು, ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ದೊಡ್ಡದು ಕೊಳ್ಳುವ ಶಕ್ತಿ ಇಲ್ಲ, ನಮ್ಮ ಓಣಿಯಲ್ಲಿ ತಿರುಗುವುದೂ ಇಲ್ಲ. ಹಾಗಾಗಿ ಕಾಂಪ್ಯಾಕ್ಟ್ ಎಸ್‌ಯುವಿ. ಇವೆಲ್ಲ ಸರಿಯಾಗಿ 4 ಮೀಟರ್ ಒಳಗೇ ಯಾಕಿರುತ್ತವೆ ಅಂದರೆ, ಅದು ತೆರಿಗೆಯ ಲೆಕ್ಕ. ಉದ್ದ 4 ಮೀಟರ್ ದಾಟಬಾರದು. ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. ಆಗ ಸಣ್ಣ ಕಾರಿನ ತೆರಿಗೆ ಬೀಳುತ್ತದೆ. ನನಗೆ ದಿನದ ಓಡಾಟ ಜಾಸ್ತಿ, ಡೀಸೆಲ್ಲೇ ಬೇಕಿತ್ತು. ಈ ಅಳತೆಯಲ್ಲಿ 2021ರ ಡೀಸೆಲ್ ಅಂದರೆ ನೆಕ್ಸಾನ್, ವೆನ್ಯೂ, ಸಾನೆಟ್, ಎಕ್ಸ್‌ಯುವಿ300 ಇಂಥವೇ. ಇವುಗಳಲ್ಲಿ ಒಂದು ನಮ್ಮದು. ಯಾವುದು ಅಂತ ಹೇಳಿದರೆ ಮಾತೆಲ್ಲ ಆ ಕಡೆಗೇ ಹೋಗುತ್ತದೆ, ಕಾಗದದ ವಿಷಯ ಹಿಂದೆ ಬೀಳುತ್ತದೆ. ಅದಕ್ಕೇ ಹೇಳುವುದಿಲ್ಲ.

ಮಹಾರಾಷ್ಟ್ರದ ಗಾಡಿಯೇ ಯಾಕೆ ಅಂತ ಎಲ್ಲರೂ ಕೇಳಿದರು. ಕಾರಣ ರೇಟು. ನಮ್ಮಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ, ಅದಕ್ಕೇ ಇಲ್ಲಿನ ಹಳೇ ಗಾಡಿಯ ಬೆಲೆಯೂ ಜಾಸ್ತಿ. ಮನೆಯವರ ಜೊತೆ ಮೊದಲು ಕೆಲಸ ಮಾಡುತ್ತಿದ್ದ ಒಬ್ಬರು ಅಲ್ಲಿದ್ದರು, ಜರ್ಮನಿಗೆ ಹೊರಟಿದ್ದರು. ಒಬ್ಬರೇ ಓಡಿಸಿದ ಗಾಡಿ, ಸರ್ವೀಸ್ ಎಲ್ಲ ಕಂಪನಿಯಲ್ಲೇ ಆಗಿದೆ. ಅವರು ಹೇಳಿದ ಬೆಲೆ ನಮ್ಮ ಊರಿನ ಬೆಲೆಗಿಂತ ಒಂದೂವರೆ ಲಕ್ಷ ಕಡಿಮೆ ಇತ್ತು. ಆ ಒಂದೂವರೆ ಲಕ್ಷ ಆಮೇಲೆ ಎಲ್ಲಿಗೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಚೌಕಾಸಿಗೆ ಸರ್ಕಾರವೇ ಸಹಾಯ ಮಾಡಿತು. 2025ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಇಳಿಸುವ ಮಾತು ಆಡಿದರು. ಸೆಪ್ಟೆಂಬರ್ 22ರಿಂದ ಸಣ್ಣ ಡೀಸೆಲ್ ಕಾರಿನ ತೆರಿಗೆ ಸೆಸ್ಸೂ ಸೇರಿ ಶೇ 31 ಇದ್ದಿದ್ದು ಶೇ 18ಕ್ಕೆ ಬಂತು. ಹೊಸದೇ ಅಗ್ಗ ಆಗುವಾಗ ಹಳೆಯದನ್ನು ಮೊದಲಿನ ರೇಟಿಗೆ ಯಾರು ತೆಗೆದುಕೊಳ್ಳುತ್ತಾರೆ? ಅವರಿಗೂ ವಿಮಾನ ಹತ್ತುವ ಅವಸರ. ಆರು ಲಕ್ಷ ಚಿಲ್ಲರೆಗೆ ಮಾತು ಮುಗಿಯಿತು. ಹಾಗಾದರೆ ಹೊಸದನ್ನೇ ತಗೋಬಹುದಿತ್ತಲ್ಲ ಅಂದವರಿದ್ದಾರೆ. ಹೊಸ ಗಾಡಿಗೆ ಎಕ್ಸ್ ಶೋರೂಂ ಬೆಲೆ 5 ಲಕ್ಷ ದಾಟಿ 10 ಲಕ್ಷದ ಒಳಗಿದ್ದರೆ ಕರ್ನಾಟಕದಲ್ಲಿ ಶೇ 14, 10 ದಾಟಿ 20ರ ತನಕ ಶೇ 17 ಆಜೀವ ತೆರಿಗೆ. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಆಮೇಲೆ ಇನ್ಶೂರೆನ್ಸ್. ಇಎಂಐ ಲೆಕ್ಕ ಹಾಕಿ ಪೆನ್ನು ಕೆಳಗಿಟ್ಟೆವು.

ಗೋಕುಲ ರಸ್ತೆಯಲ್ಲಿ ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಗಾಡಿಯ ಫೋಟೋ, ಸರ್ವೀಸ್ ಹಿಸ್ಟರಿ ಎಲ್ಲ ಮೊಬೈಲ್‌ನಲ್ಲಿ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು.

"ಅಕ್ಕಾರ, ಗಾಡಿ ಛಲೋ ಐತಿ. ಕಾಗದ ಬರೋಬ್ಬರಿ ಅದಾವೇನು ಅದನ್ನ ಹೇಳ್ರಿ."

ಇದ್ದವು, ಆದರೆ ಬರೋಬ್ಬರಿ ಇರಲಿಲ್ಲ.

ಬೇರೆ ರಾಜ್ಯದ ಗಾಡಿಗೆ ಮೊದಲು ಬೇಕಾಗುವುದು ಎನ್‌ಒಸಿ, ಅಂದರೆ ಗಾಡಿ ಬೇರೆ ಕಡೆ ಹೋಗಲು ತಕರಾರಿಲ್ಲ ಅನ್ನುವ ಪತ್ರ. ಗಾಡಿ ಎಲ್ಲಿ ನೋಂದಣಿ ಆಗಿದೆಯೋ ಅಲ್ಲಿನ ಆರ್‌ಟಿಒ ಕೊಡಬೇಕು. ಅರ್ಜಿ ಫಾರಂ 28ರಲ್ಲಿ. ಅದು ಕೈಗೆ ಬಂದ ಮೇಲೆ ನಮ್ಮ ಊರಿನ ಆರ್‌ಟಿಒದಲ್ಲಿ ಮಾಲೀಕರ ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಹೊಸ ನಂಬರಿಗೆ ಫಾರಂ 27. ಕಾನೂನಿನಲ್ಲಿ ಇಷ್ಟೇ. ಆದರೆ ಎನ್‌ಒಸಿ ಸಿಗಬೇಕಾದರೆ ಗಾಡಿಯ ಮೇಲೆ ಸಾಲ ಇರಬಾರದು, ದಂಡ ಬಾಕಿ ಇರಬಾರದು, ಅರ್ಜಿ ಹಾಕುವಾಗ ಬರುವ ಒಟಿಪಿ ಮಾಲೀಕರ ಫೋನಿಗೇ ಬರಬೇಕು. ನಮಗೆ ಮೂರರಲ್ಲೂ ತಕರಾರು.

ಮೊದಲು ಸಾಲದ್ದು. ಅವರ ಸಾಲ ತೀರಿ ಕಾಲವಾಗಿತ್ತು. ಬ್ಯಾಂಕಿನ ಪತ್ರವೂ ಇತ್ತು. ಆದರೆ ಆರ್‌ಸಿಯಲ್ಲಿ, ಅಂದರೆ ನೋಂದಣಿ ಕಾರ್ಡಿನಲ್ಲಿ, ಎಚ್‌ಪಿ ಅನ್ನುವ ಬ್ಯಾಂಕ್ ಸಾಲದ ನಮೂದು ಹಾಗೇ ಇತ್ತು, ತೆಗೆಸಿರಲಿಲ್ಲ. ಆ ಬ್ಯಾಂಕ್ ಪತ್ರಕ್ಕೆ ಆಯುಷ್ಯ ಮೂರು ತಿಂಗಳು ಮಾತ್ರ. ಅದು ಮುಗಿದು ಎಷ್ಟೋ ದಿನ ಆಗಿತ್ತು. ಹೊಸ ಪತ್ರ, ಆ ನಮೂದು ತೆಗೆಸಲು ಹೊಸದಾಗಿ ಸಹಿ ಮಾಡಿದ ಫಾರಂ 35 ಬೇಕು ಅಂದರು ಆರ್‌ಟಿಒದವರು. ಸಾಲ ಕೊಟ್ಟ ಶಾಖೆ ಬೇರೆ ಶಾಖೆಯಲ್ಲಿ ಸೇರಿಹೋಗಿತ್ತು. ಅವರು ಕಾಲ್ ಸೆಂಟರಿಗೆ ಫೋನ್ ಮಾಡುವುದು, ಅಲ್ಲಿ ಒಂದು ಒತ್ತಿ ಎರಡು ಒತ್ತಿ, ಕೊನೆಗೆ ಲೈನ್ ಕಟ್. ಸೆಪ್ಟೆಂಬರ್ ಹೀಗೇ ಹೋಯಿತು. ಗಾಡಿ ನೋಡಲು ಹೋಗುವವರು ಬಾನೆಟ್ ಎತ್ತುವ ಮುಂಚೆ ಆರ್‌ಸಿ ಕಾರ್ಡ್ ತಿರುಗಿಸಿ ನೋಡಿ. ಫೈನಾನ್ಸ್ ಮಾಡಿದವರ ಹೆಸರು ಇದ್ದರೆ, "ಸಾಲ ತೀರಿದೆ" ಅನ್ನುವ ಮಾತಿಗೆ ಬೆಲೆ ಇಲ್ಲ. ಆ ಹೆಸರು ಹೋಗಬೇಕು.

ಎರಡನೆಯದು ಚಲನ್. ಅವರಿಗೇ ಗೊತ್ತಿಲ್ಲದ ಹಾಗೆ ಎಕ್ಸ್‌ಪ್ರೆಸ್ ವೇ ಕ್ಯಾಮೆರಾದಲ್ಲಿ ಓವರ್ ಸ್ಪೀಡ್ ದಂಡಗಳು ಬಿದ್ದಿದ್ದವು. ಗೊತ್ತಾಗದೇ ಇದ್ದಿದ್ದಕ್ಕೆ ಕಾರಣವೇ ಮೂರನೇ ತಕರಾರು. ಗಾಡಿ ಕೊಂಡಾಗ ಶೋರೂಮಿನವರು ನೋಂದಣಿಯಲ್ಲಿ ಮಾಲೀಕರ ಮೊಬೈಲ್ ನಂಬರ್ ಹಾಕಿರಲಿಲ್ಲ. ಅಲ್ಲಿನ ಯಾರೋ ಸೇಲ್ಸ್ ಹುಡುಗನ ನಂಬರ್ ಹಾಕಿದ್ದರು. ನಾಲ್ಕು ವರ್ಷ ದಂಡದ ಮೆಸೇಜೆಲ್ಲ ಆ ಹುಡುಗನ ಫೋನಿಗೆ ಹೋಗಿದೆ. ಈಗ ಒಟಿಪಿಯೂ ಅಲ್ಲಿಗೇ ಹೋಗುತ್ತಿತ್ತು. ಹುಡುಗ ಕೆಲಸ ಬಿಟ್ಟಿದ್ದ, ನಂಬರ್ ಸ್ವಿಚ್ ಆಫ್.

ಇದು ನಮ್ಮ ಗಾಡಿಯ ಕಥೆ ಮಾತ್ರ ಅಲ್ಲ. ಆಮೇಲೆ ವಿಚಾರಿಸಿದರೆ ನಮ್ಮ ಶಾಲೆಯಲ್ಲೇ ಇನ್ನೊಬ್ಬರ ಸ್ಕೂಟರಿಗೂ ಹೀಗೇ ಆಗಿದೆ. ಈಗಲೇ ನಿಮ್ಮ ನಿಮ್ಮ ಗಾಡಿಯ ಮೊಬೈಲ್ ನಂಬರ್ ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲಿನಲ್ಲಿ ನೋಡಿಕೊಳ್ಳಿ. ಆಧಾರ್ ಮೂಲಕ ಬದಲಿಸಬಹುದು, ಆದರೆ ಆರ್‌ಸಿಯಲ್ಲಿನ ಹೆಸರು ಮತ್ತು ಆಧಾರ್ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮಗೆ ಗಾಡಿ ಮಾರಿದವರದು ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ. ಕೂಡಲಿಲ್ಲ. ಕೊನೆಗೆ ಅಲ್ಲಿನ ಕಚೇರಿಗೇ ಹೋಗಿ ಅರ್ಜಿ ಕೊಟ್ಟು ಸರಿ ಮಾಡಿಸಿದರು. ಇಷ್ಟೊತ್ತಿಗೆ ಅವರ ಟಿಕೆಟ್ ಬುಕ್ ಆಗಿತ್ತು. ದೀಪಾವಳಿ ಮುಗಿದ ಕೂಡಲೇ ಹಾರುವವರು.

ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಗಾಡಿ ನಮ್ಮ ಮನೆ ಮುಂದೆ ನಿಂತಿದೆ, ಹೆಸರು ಅವರದು, ಅವರು ದೇಶ ಬಿಟ್ಟು ಹೊರಟಿದ್ದಾರೆ. ಏನಾದರೂ ಅಪಘಾತ ಆದರೆ? ಮನೆಯವರು "ಅವರು ಅಂಥವರಲ್ಲ" ಅನ್ನುತ್ತಿದ್ದರು. ಅವರು ಅಂಥವರಲ್ಲ, ನಿಜ. ಆದರೆ ಕಾಗದಕ್ಕೆ ಒಳ್ಳೆಯವರು ಕೆಟ್ಟವರು ಅಂತ ಇಲ್ಲವಲ್ಲ. ಒಂದು ಸಮಾಧಾನ ಅಂದರೆ ಪೂರ್ತಿ ದುಡ್ಡು ಕೊಟ್ಟಿರಲಿಲ್ಲ. ಐವತ್ತು ಸಾವಿರ ಉಳಿಸಿಕೊಂಡು, ಎನ್‌ಒಸಿ ಕೈಗೆ ಬಂದ ದಿನ ಕೊಡುವುದು ಅಂತ ಕರಾರಿನಲ್ಲಿ ಬರೆದಿದ್ದೆವು. ಸ್ನೇಹದಲ್ಲಿ ಇದನ್ನು ಕೇಳುವುದು ಮುಜುಗರ. ನಾನೇ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಹೊರಡುವ ಮುಂಚೆ ಅವರ ಕೈಯಲ್ಲಿ ಫಾರಂ 29ರ ಎರಡು ಪ್ರತಿ, ಫಾರಂ 30, ಫಾರಂ 28ರ ಪ್ರತಿಗಳು, ಆಧಾರ್ ಮತ್ತು ಪ್ಯಾನ್ ಜೆರಾಕ್ಸ್ ಮೇಲೆ ಸಹಿ, ಎಲ್ಲ ಮಾಡಿಸಿಕೊಂಡೆವು. ಒಂದೊಂದು ಸೆಟ್ ಜಾಸ್ತಿಯೇ ಮಾಡಿಸಿಕೊಂಡಿದ್ದು ಆಮೇಲೆ ಉಪಯೋಗಕ್ಕೆ ಬಂತು. ಅವರ ಇಂಡಿಯಾ ಸಿಮ್ ರೋಮಿಂಗ್‌ನಲ್ಲಿ ಚಾಲೂ ಇರಲಿ ಅಂತ ರೀಚಾರ್ಜ್ ಮಾಡಿಸಿದ್ದೂ ನಾವೇ. ಒಟಿಪಿ ಬರುವುದು ಅವರಿಗೆ, ಬೇಕಾಗಿರುವುದು ನಮಗೆ. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಕಚೇರಿಯ ಊಟದ ಸಮಯ ಹತ್ತಿರ ಬಂದಿರುತ್ತದೆ.

ಎನ್‌ಒಸಿ ಅರ್ಜಿಯಲ್ಲಿ ಗಾಡಿ ಯಾವ ಆರ್‌ಟಿಒಗೆ ಹೋಗುತ್ತದೆ ಅಂತ ಬರೆಯಬೇಕು. ಇದನ್ನು ಹಗುರವಾಗಿ ತಗೋಬೇಡಿ. ಧಾರವಾಡ 25, ಗದಗ 26, ಹಾವೇರಿ 27, ಹುಬ್ಬಳ್ಳಿ 63. ಹುಬ್ಬಳ್ಳಿ ಧಾರವಾಡ ಅವಳಿ ನಗರ ಇರಬಹುದು, ಆರ್‌ಟಿಒ ಬೇರೆ ಬೇರೆ. ನಿಮ್ಮ ಆಧಾರ್ ಗದಗಿನಲ್ಲಿ, ಬಾಡಿಗೆ ಮನೆ ಹುಬ್ಬಳ್ಳಿಯಲ್ಲಿ ಇದ್ದರೆ ಯಾವ ವಿಳಾಸದ ಪುರಾವೆ ಕೊಡುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ಎನ್‌ಒಸಿ ಕೇಳಿ. ಎನ್‌ಒಸಿ ಬಂದ ಮೇಲೆ ಊರು ಬದಲಿಸಬೇಕಾದರೆ ಮತ್ತೆ ಮೊದಲಿನಿಂದ ಓಡಾಟ.

ಈ ಕಾಗದಗಳು ಅಲ್ಲಿ ಓಡಾಡುತ್ತಿದ್ದಾಗ ಇಲ್ಲಿ ಗಾಡಿಯ ಜೊತೆ ಸಂಸಾರ ಶುರುವಾಗಿತ್ತು. ಸಿದ್ಧಾರೂಢ ಮಠದ ಮುಂದೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಡಿಸಿದ್ದಾಯಿತು. ನಮ್ಮ ಅತ್ತೆಗೆ ಮೊಣಕಾಲು ನೋವು. ತಗ್ಗಿನ ಕಾರಿನಲ್ಲಿ ಕೂತರೆ ಏಳಲು ಇಬ್ಬರು ಬೇಕು. ಇದರಲ್ಲಿ ಸೀಟು ಸೊಂಟದ ಎತ್ತರಕ್ಕೆ ಇದೆ, ಸುಮ್ನೆ ಹಿಂದೆ ಸರಿದು ಕೂತರೆ ಆಯಿತು. ಅವರಿಗೆ ಗಾಡಿಯ ಬಗ್ಗೆ ಇರುವ ಅಭಿಪ್ರಾಯ ಇಷ್ಟೇ, ಮತ್ತು ಅದು ಒಳ್ಳೆಯ ಅಭಿಪ್ರಾಯ. ಡಿಕ್ಕಿಯಲ್ಲಿ ಜೋಳದ ಎರಡು ಚೀಲ ಕೂಡುತ್ತವೆ. ನವಲಗುಂದ ರಸ್ತೆಯಲ್ಲಿ ಲೀಟರಿಗೆ 18ರ ಮೇಲೆ ಕೊಡುತ್ತದೆ. ಚೆನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸದ ನಡುವೆ ಸಿಕ್ಕಿಹಾಕಿಕೊಂಡರೆ 12 ಬಂದರೆ ಪುಣ್ಯ.

ಎರೆ ರಸ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಗಾಡಿಗಳ ನೆಲದಿಂದ ಎತ್ತರ ಹೆಚ್ಚುಕಮ್ಮಿ 200 ಮಿ.ಮೀ. ಗಾಲಿ ಬಿದ್ದ ಹಳ್ಳದಲ್ಲಿ ಹೊಟ್ಟೆ ತಾಗುವುದಿಲ್ಲ, ಅದು ನಿಜ. ಆದರೆ ಎಳೆಯುವುದು ಮುಂದಿನ ಎರಡು ಚಕ್ರ ಮಾತ್ರ. ಅಕ್ಟೋಬರಿನ ಒಂದು ಮಳೆಯಲ್ಲಿ ಶಾಲೆಯ ಹತ್ತಿರದ ತಿರುವಿನಲ್ಲಿ ಮುಂದಿನ ಚಕ್ರ ಸುಮ್ಮನೆ ತಿರುಗತೊಡಗಿದವು. ಗಾಡಿ ಮುಂದೆ ಹೋಗುವ ಬದಲು ನಿಧಾನಕ್ಕೆ ಅಡ್ಡಕ್ಕೆ ಸರಿಯಿತು. ಹೊಲದಿಂದ ಬರುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು.

"ಎತ್ತರ ಇದ್ರ ಆತೇನ್ರೀ ಟೀಚರ, ಹಿಂದಿನ ಗಾಲಿಗೂ ತಾಕತ್ತು ಬೇಕಲ್ರಿ," ಅಂದವರೇ ಹೋಗಿ ಟ್ರ್ಯಾಕ್ಟರ್ ಕರೆದುಕೊಂಡು ಬಂದರು. ಜಾಹೀರಾತಿನಲ್ಲಿ ಗುಡ್ಡ ಹತ್ತುವ ಗಾಡಿ ನೋಡಿ ಇದನ್ನು ಕೊಳ್ಳುವವರಿಗೆ ಆ ಹಿರಿಯರ ಮಾತೇ ಸಾಕು. ಈಗ ಜೋರು ಮಳೆ ಬಂದರೆ ಡಾಂಬರು ಮುಗಿಯುವಲ್ಲಿ ನಿಲ್ಲಿಸಿ ನಡೆದು ಹೋಗುತ್ತೇನೆ. ಡಿಕ್ಕಿಯಲ್ಲಿ ಎಳೆಯುವ ಹಗ್ಗ ಕಾಯಂ ಇದೆ. ಮುಂದಿನ ಬಂಪರಿನಲ್ಲಿ ಒಂದು ಸಣ್ಣ ಚೌಕದ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಕೊಂಡಿ ತಿರುಗಿಸಿ ಹಾಕಬೇಕು. ಕೊಂಡಿ ಸ್ಟೆಪ್ನಿಯ ಹತ್ತಿರ ಟೂಲ್ಸ್ ಜೊತೆ ಇರುತ್ತದೆ. ಕೆಸರಿನಲ್ಲಿ ನಿಂತು ಹುಡುಕುವ ಬದಲು ಮನೆಯಲ್ಲೇ ಒಮ್ಮೆ ಹಾಕಿ ತೆಗೆದು ನೋಡಿ.

ಇನ್ನೊಂದು ಪಾಠ ಸಮೀಕ್ಷೆಯ ಕಾಲದ್ದು. ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ನಮ್ಮಂಥ ಶಿಕ್ಷಕರೇ ಮನೆಮನೆಗೆ ಹೋಗಬೇಕಿತ್ತು. ದಸರಾ ರಜೆಯೂ ಅದರಲ್ಲೇ ಹೋಯಿತು. ನನಗೆ ಸಿಕ್ಕ ಮನೆಗಳು ಹುಬ್ಬಳ್ಳಿಯ ಓಣಿಗಳಲ್ಲಿ. ನೂರು ಮೀಟರ್ ಹೋಗುವುದು, ನಿಲ್ಲಿಸುವುದು, ಮತ್ತೆ ಚಾಲೂ ಮಾಡುವುದು. ಇಡೀ ದಿನ ಎರಡನೇ ಗೇರು. ಒಂದು ಸಂಜೆ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಚೌಕದೊಳಗೆ ಚುಕ್ಕೆ ಚುಕ್ಕೆ ಇರುವ ಚಿತ್ರ. ಹೊಟ್ಟೆಯಲ್ಲಿ ಸಂಕಟ. ಹೆಸರೂ ನಮ್ಮದಲ್ಲ, ಗಾಡಿಯೂ ಕೆಟ್ಟಿತು ಅಂದುಕೊಂಡೆ.

ಕೆಟ್ಟಿರಲಿಲ್ಲ. ಅದು ಡಿಪಿಎಫ್ ದೀಪ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇದೆ. ಮಸಿ ತುಂಬಿದಾಗ ಗಾಡಿಯೇ ಅದನ್ನು ಕಾಯಿಸಿ ಸುಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಹೊಗೆ ಚೆನ್ನಾಗಿ ಕಾದಿರಬೇಕು, ಅಂದರೆ ಗಾಡಿ ನಿಲ್ಲದೇ ಓಡಬೇಕು. ಓಣಿಯಲ್ಲಿ ಓಡಾಡಿದರೆ ಅದು ಎಂದಿಗೂ ಕಾಯುವುದಿಲ್ಲ. ಗೋಕುಲ ರಸ್ತೆಯ ಮೆಕ್ಯಾನಿಕ್ ಫೋನಿನಲ್ಲೇ ಹೇಳಿದರು. ನವಲಗುಂದ ದಾರಿ ಹಿಡೀರಿ, ನಾಲ್ಕನೇ ಗೇರಿನಲ್ಲಿ 60ರ ಮೇಲೆ, ಎಂಜಿನ್ ಸುತ್ತಿನ ಕಾಟಾ 2000 ದಾಟಿರಲಿ, ಇಪ್ಪತ್ತು ನಿಮಿಷ ನಿಲ್ಲಿಸಬೇಡ್ರಿ. ಹಾಗೇ ಮಾಡಿದೆವು. ಅಣ್ಣಿಗೇರಿ ಕಡೆ ತಿರುಗುವ ಮುಂಚೆಯೇ ದೀಪ ಆರಿತು. ಬೈಪಾಸ್ ಯಾಕೆ ಬೇಡ ಅಂದರೆ, ಆಗ ಗಬ್ಬೂರಿನಿಂದ ನರೇಂದ್ರದ ತನಕ ಅಗಲ ಮಾಡುವ ಕೆಲಸ ನಡೆದಿತ್ತು, ಅಲ್ಲಿ ಒಂದೇ ವೇಗದಲ್ಲಿ ಓಡಿಸಲು ಆಗುತ್ತಿರಲಿಲ್ಲ. ದಿನಾ ಹುಬ್ಬಳ್ಳಿಯೊಳಗೇ ಹತ್ತು ಕಿಲೋಮೀಟರ್ ಓಡಿಸುವವರು ಡೀಸೆಲ್ ತಗೊಳ್ಳಲೇಬೇಡಿ. ಪೆಟ್ರೋಲ್ ತಗೊಂಡು ನೆಮ್ಮದಿಯಾಗಿರಿ. ಆ ಹಳದಿ ದೀಪವನ್ನು ಲೆಕ್ಕಿಸದೇ ವಾರಗಟ್ಟಲೆ ಓಡಿಸಿದರೆ ಆಮೇಲೆ ವರ್ಕ್‌ಶಾಪಿಗೇ ಹೋಗಬೇಕು, ಬಿಲ್ಲು ಸಣ್ಣದಿರುವುದಿಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ನಮ್ಮವರೆಲ್ಲ ಉದಾಸೀನ ಮಾಡುತ್ತಾರೆ. ಪಾಲಿಸಿ ಇನ್ನೂ ಒಂದು ವರ್ಷ ಇದೆಯಲ್ಲ ಅಂತ. ಗಾಡಿ ಕೊಂಡ 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಲು ಅರ್ಜಿ ಹಾಕಬೇಕು. ಎದುರಿನವರಿಗೆ ಆದ ನಷ್ಟಕ್ಕೆ ಪಾಲಿಸಿ ನಡೆಯಬಹುದು, ನಿಮ್ಮ ಗಾಡಿಯ ನಷ್ಟಕ್ಕೆ ಹಳೇ ಹೆಸರಿನ ಪಾಲಿಸಿ ನಂಬಿಕೊಂಡರೆ ತೊಂದರೆ. ಫಾರಂ 29, 30ರ ಪ್ರತಿ, ಗಾಡಿಯ ಸುತ್ತಲಿನ ಫೋಟೋ ಕೇಳಿದರು. ಜೊತೆಗೆ ಸ್ವಲ್ಪ ದುಡ್ಡು ಕಟ್ಟಿ ಅಂದರು. ಯಾಕೆ ಅಂದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಗಾಡಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಹಳೇ ಮಾಲೀಕರಿಗೆ ಶೇ 45 ಸಿಕ್ಕಿತ್ತು. ಉಳಿದ ತಿಂಗಳುಗಳಿಗೆ ಆ ವ್ಯತ್ಯಾಸ ನಾವು ತುಂಬಬೇಕು. ಮಾರುವವರಿಗೂ ಒಂದು ಮಾತು: ನಿಮ್ಮ ಬೋನಸ್ ಬಿಡಬೇಡಿ, ಪತ್ರ ಕೇಳಿ ತಗೊಳ್ಳಿ. ಮೂರು ವರ್ಷದೊಳಗೆ ಬೇರೆ ಗಾಡಿಗೆ ಬಳಸಬಹುದು.

ನವೆಂಬರ್ ಕೊನೆಗೆ ಎನ್‌ಒಸಿ ಬಂತು. ಉಳಿದ ಐವತ್ತು ಸಾವಿರ ಅವತ್ತೇ ಕಳಿಸಿದೆವು. ಚಲನ್ ದುಡ್ಡು ಅವರೇ ಕಟ್ಟಿದ್ದರು. ಅಲ್ಲಿನ ಓಡಾಟಕ್ಕೆ ಒಬ್ಬ ಏಜೆಂಟರನ್ನು ಹಿಡಿದಿದ್ದೆವು, ಅವರ ಖರ್ಚು ನಮ್ಮ ಪಾಲಿಗೆ.

ಇಲ್ಲಿ ಅರ್ಜಿ ಹಾಕುವ ಮುಂಚೆ ಗಾಡಿಯನ್ನು ತಯಾರು ಮಾಡಬೇಕಾಯಿತು. ಮುಂದೆ ಸ್ಟೀಲಿನ ದೊಡ್ಡ ಗಾರ್ಡ್ ಇತ್ತು. ನೋಡಲು ಗತ್ತು, ಆದರೆ ಕಾನೂನಿಗೆ ವಿರುದ್ಧ, ಡಿಕ್ಕಿ ಹೊಡೆದಾಗ ಏರ್‌ಬ್ಯಾಗ್ ಕೆಲಸಕ್ಕೂ ಅಡ್ಡಿ. ಬಿಚ್ಚಿಸಿದೆವು. ಗಾಜಿನ ಕಪ್ಪು ಫಿಲ್ಮ್ ಕೆರೆಸಿದೆವು. ಆಮೇಲೆ ಚಾಸಿ ನಂಬರಿನ, ಅಂದರೆ ಗಾಡಿಯ ಮೈಮೇಲೆ ಒತ್ತಿದ ಗುರುತಿನ ನಂಬರಿನ, ಪೆನ್ಸಿಲ್ ಪ್ರಿಂಟ್. ಇದು ಎಲ್ಲಿರುತ್ತದೆ ಅಂತ ಮನೆಯವರು ಬಾನೆಟ್ ಒಳಗೆಲ್ಲ ಹುಡುಕಿದರು. ನಮ್ಮ ಗಾಡಿಯಲ್ಲಿ ಅದು ಮುಂದಿನ ಸೀಟಿನ ಕೆಳಗೆ. ಸೀಟು ಪೂರ್ತಿ ಹಿಂದೆ ಸರಿಸಿದರೆ ಕಾರ್ಪೆಟ್‌ನಲ್ಲಿ ಅಂಗೈ ಅಗಲ ಕತ್ತರಿಸಿದ ಒಂದು ಮುಚ್ಚಳ ಕಾಣುತ್ತದೆ. ಎತ್ತಿದರೆ ಒಳಗೆ ಎರೆ ಮಣ್ಣಿನ ಪುಡಿ, ಒಂದು ಶೇಂಗಾ ಸಿಪ್ಪೆ, ಒಂದು ರೂಪಾಯಿ ನಾಣ್ಯ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳು ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಬೇಕು. ನಂಬರು ಒಂದೊಂದಾಗಿ ಬಿಳಿಯಾಗಿ ಏಳುತ್ತವೆ. ಕೈ ನಡುಗಿದರೆ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ನಾಲ್ಕಾರು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಪ್ರತಿ ಫಾರಂಗೂ ಒಂದು ಅಂಟಿಸಬೇಕು.

ಇನ್‌ಸ್ಪೆಕ್ಟರ್ ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ಹೋಲಿಸಿ ನೋಡಿದರು, ಗಾಡಿ ಸುತ್ತ ಒಂದು ಸುತ್ತು ಬಂದರು, ಮುಗಿಯಿತು. ಇಷ್ಟು ದಿನ ಹೆದರಿದ್ದು ಇದಕ್ಕಾ ಅನ್ನಿಸಿತು.

ನಿಜವಾದ ಪೆಟ್ಟು ತೆರಿಗೆಯದು. ಬಹಳ ಜನ ತಿಳಿದಿರುವುದು, ನಾವು ಕೊಟ್ಟ ಬೆಲೆಯ ಮೇಲೆ ತೆರಿಗೆ ಅಂತ. ಅಲ್ಲ. ಗಾಡಿ ಹೊಸದಾಗಿದ್ದಾಗಿನ ಇನ್‌ವಾಯ್ಸ್ ಬೆಲೆಯ ಮೇಲೆ. ನಮ್ಮ ಗಾಡಿಯ ಇನ್‌ವಾಯ್ಸ್ ಹತ್ತು ಲಕ್ಷ ಎಂಬತ್ತು ಸಾವಿರದ ಆಸುಪಾಸು, ಹಾಗಾಗಿ ಶೇ 17ರ ಗುಂಪು. ವಯಸ್ಸಿಗೆ ತಕ್ಕ ಹಾಗೆ ಕಡಿತ ಇದೆ, ಆದರೆ ನಾವು ಅಂದುಕೊಂಡಷ್ಟು ಅಲ್ಲ. ಸೆಸ್ ಸೇರಿ ಒಂದೂವರೆ ಲಕ್ಷ ದಾಟಿತು. ಅಲ್ಲಿಗೆ ಮಹಾರಾಷ್ಟ್ರದಲ್ಲಿ ಉಳಿಸಿದ್ದು ಹುಬ್ಬಳ್ಳಿಯಲ್ಲಿ ಕಟ್ಟಿದ ಹಾಗಾಯಿತು. ಬಾಕಿ ಸರ್ಕಾರಿ ಫೀಸು ನೂರುಗಳ ಲೆಕ್ಕದಲ್ಲಿ, ಅದು ಯಾರಿಗೂ ಭಾರ ಅಲ್ಲ. ಗಾಡಿ ನೋಡುವಾಗಲೇ ಮೂಲ ಇನ್‌ವಾಯ್ಸ್ ಇದೆಯಾ ಕೇಳಿ. ಇನ್‌ವಾಯ್ಸ್ ಬೆಲೆ 10 ಲಕ್ಷಕ್ಕಿಂತ ಸ್ವಲ್ಪ ಕೆಳಗಿರುವ ಗಾಡಿ ಸಿಕ್ಕರೆ ಶೇ 14ರ ಗುಂಪಿಗೆ ಬರುತ್ತದೆ, ಮೇಲಿನ ಮಾಡೆಲಿನ ಸನ್‌ರೂಫಿಗಿಂತ ಆ ವ್ಯತ್ಯಾಸ ದೊಡ್ಡದು.

ಡಿಸೆಂಬರ್ ಪೂರ್ತಿ ಕಾಯುವುದರಲ್ಲಿ ಹೋಯಿತು. ಎಂಎಚ್ ಪ್ಲೇಟ್ ನೋಡಿ ಪೊಲೀಸರು ಕೈ ಅಡ್ಡ ಮಾಡಿದಾಗಲೆಲ್ಲ ಎನ್‌ಒಸಿ, ಅರ್ಜಿಯ ರಸೀದಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಒಂದೇ ಫೈಲಿನಲ್ಲಿ ತೋರಿಸುತ್ತಿದ್ದೆ. ಯಾರೂ ತೊಂದರೆ ಕೊಡಲಿಲ್ಲ. ಸಂಕ್ರಾಂತಿ ಆದ ಮೇಲೆ ನಂಬರ್ ಬಂತು, ಹಿಂದೆಯೇ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬಂತು. ನನ್ನ ಹೆಸರಿನಲ್ಲಿ. ಪೋಸ್ಟ್‌ಮನ್ ಮುಂದೆಯೇ ಲಕೋಟೆ ಹರಿದೆ. ಅವರು ನಗುತ್ತಾ ನಿಂತರು.

ಹೊಸ ನಂಬರಿಗೆ ಹೊಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಬೇಕು, ಹಳೆಯದು ಒಪ್ಪಿಸಬೇಕು. ಪ್ಲೇಟಿನ ಜೊತೆ ಗಾಜಿಗೆ ಅಂಟಿಸುವ ಸ್ಟಿಕರ್ ಕೊಡುತ್ತಾರೆ. ಡೀಸೆಲ್ ಗಾಡಿಗೆ ಅದು ಕಿತ್ತಳೆ ಬಣ್ಣ, ಪೆಟ್ರೋಲಿಗೆ ತಿಳಿ ನೀಲಿ. ಬದಲಾಗಿ ಕೊಟ್ಟರೆ ಅಲ್ಲೇ ಹೇಳಿ. ಫಾಸ್ಟ್ಯಾಗ್ ಕೂಡ ಹಾಗೇ, ಒಂದು ಗಾಡಿಗೆ ಒಂದೇ. ಅವರ ಹೆಸರಿನ ಹಳೇ ಟ್ಯಾಗ್ ಬಂದ್ ಮಾಡಿಸಿ ಹೊಸ ನಂಬರಿಗೆ ಹೊಸದು ಮಾಡಿಸಿದೆವು. 2025ರ ಆಗಸ್ಟ್ 15ರಂದು 3000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ಒಂದು ವರ್ಷ ಅಥವಾ 200 ಟ್ರಿಪ್ ನಡೆಯುತ್ತದೆ, ಆದರೆ ಅದು ಗಾಡಿಯ ನಂಬರಿಗೇ ಗಂಟು ಬಿದ್ದಿರುತ್ತದೆ. ನಂಬರ್ ಬದಲಾಗುವ ಗಾಡಿಗೆ ಮುಂಚೆಯೇ ಪಾಸ್ ಮಾಡಿಸಿ ದುಡ್ಡು ಕಳೆದುಕೊಳ್ಳಬೇಡಿ. ನಾವು ಈಗ ಮಾಡಿಸಿದ್ದೇವೆ.

ಉಳಿದಿರುವುದು ಒಂದೇ. ಮೊದಲು ಮಹಾರಾಷ್ಟ್ರಕ್ಕೆ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಬಹುದು. ಹೊಸ ಆರ್‌ಸಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ, ಎನ್‌ಒಸಿ ಪ್ರತಿ ಸೇರಿಸಿ ಅಲ್ಲಿನ ಆರ್‌ಟಿಒಗೆ ಅರ್ಜಿ ಕಳಿಸಿದ್ದೇವೆ. ದುಡ್ಡು ಹಳೇ ಮಾಲೀಕರ ಖಾತೆಗೆ ಬಂದರೂ ನಮಗೇ ಸೇರಬೇಕು ಅಂತ ಕರಾರಿನಲ್ಲಿ ಬರೆಸಿಕೊಂಡಿದ್ದೆವು, ನೀವೂ ಬರೆಸಿಕೊಳ್ಳಿ. ಬಂದರೆ ಅದನ್ನು ಟೈರಿಗೆ ಹಾಕಬೇಕು ಅಂತಿದ್ದೇವೆ. ಈಗಿರುವ ನಾಲ್ಕರ ಮೇಲೂ 1821 ಅಂತ ಒತ್ತಿದೆ, ಅಂದರೆ 2021ರ 18ನೇ ವಾರದಲ್ಲಿ ತಯಾರಾದವು. ಹಲ್ಲು ಸವೆದಿವೆ. ಈ ಮಳೆಗಾಲ ಎರೆ ರಸ್ತೆಯಲ್ಲಿ ಅವು ನಡೆಯುವುದಿಲ್ಲ, ದುಡ್ಡು ಬಂದರೂ ಬರದಿದ್ದರೂ ಮೇ ತಿಂಗಳೊಳಗೆ ಬದಲಾಯಿಸಲೇಬೇಕು.